ನೀರಿನ ಸರದಿಗೆ ಲಿನಕ್ಸ್ ಗಣಕಯಂತ್ರ

ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ ವಿದ್ಯುತ್ ಬಂದಾಗಲೆಲ್ಲಾ ಪಂಪು ಓಡುತ್ತದೆ; ಬೆಳೆಗೆ ಬೇಕಿರಲಿ, ಬೇಡದಿರಲಿ ನೀರು ಹರಿಯುತ್ತದೆ. ಹನಿ ನೀರಾವರಿ ಅಳವಡಿಸಿರುವ ರೈತರ ಮನೆಯಲ್ಲಿ ಲಿನಕ್ಸ್ ಇರುವ ಹಳೆಯ ಗಣಕಯಂತ್ರವಿದ್ದರೆ, ನೀರಿನ ಸರದಿಯನ್ನು ಅದಕ್ಕೆ ಒಪ್ಪಿಸಬಹುದು. ಇದಕ್ಕೆ ಬೇಕಾದ ‘ಕ್ರಾನ್’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ಎಷ್ಟು ಹೊತ್ತು ನೀರು?

ಮೊದಲು ಲೆಕ್ಕ ಹಾಕಬೇಕು. ಬೆಳೆಗೆ ಒಂದು ಸರದಿಗೆ 5 ಮಿ.ಮೀ. ನೀರು ಬೇಕೆಂದಾದರೆ ಎಕರೆಗೆ ಸುಮಾರು 20,000 ಲೀಟರ್ ಆಗುತ್ತದೆ. ಪಂಪು ಗಂಟೆಗೆ 8,000 ಲೀಟರ್ ಎತ್ತುವುದಾದರೆ ಎರಡೂವರೆ ಗಂಟೆ ಸಾಕು. ಬೆಳಗ್ಗೆ 5-30ಕ್ಕೆ ಆರಂಭಿಸಿ 8 ಗಂಟೆಗೆ ನಿಲ್ಲಿಸಬೇಕು.

ಅಳವಡಿಸುವ ಕ್ರಮ

(ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸತಕ್ಕದ್ದು.)

1. ಉಬುಂಟು ಅಥವಾ ಡೆಬಿಯನ್‌ನಲ್ಲಿ ಕ್ರಾನ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಇಲ್ಲವಾದರೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಕ್ರಾನ್’ ಎಂಬ ಆದೇಶ ಕೊಡಬೇಕು.

2. ‘ಕ್ರಾನ್‌ಟ್ಯಾಬ್ -ಇ’ ಎಂದರೆ ವೇಳಾಪಟ್ಟಿ ತೆರೆಯುತ್ತದೆ. ಪ್ರತಿ ಸಾಲಿನ ಆರಂಭದಲ್ಲಿ ಐದು ಅಂಕಣಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಭಾನುವಾರಕ್ಕೆ 0, ಸೋಮವಾರಕ್ಕೆ 1. ‘30 5 * * 1,4’ ಎಂದರೆ ಸೋಮವಾರ ಮತ್ತು ಗುರುವಾರ ಬೆಳಗ್ಗೆ 5-30. ಅದರ ಮುಂದೆ ಮಾಡಬೇಕಾದ ಕೆಲಸದ ಆದೇಶವನ್ನು ಬರೆಯಬೇಕು. ನಿಲ್ಲಿಸಲು ‘0 8 * * 1,4’ ಎಂಬ ಇನ್ನೊಂದು ಸಾಲು ಬೇಕು.

3. ಮೊದಲ ವಾರ ಕವಾಟವನ್ನಾಗಲಿ ಪಂಪನ್ನಾಗಲಿ ಜೋಡಿಸಬಾರದು. ಕೆಲಸದ ಜಾಗದಲ್ಲಿ ‘ಡೇಟ್ >> ನೀರು’ ಎಂದು ಬರೆದರೆ, ಆದೇಶ ನಡೆದ ವೇಳೆ ‘ನೀರು’ ಎಂಬ ಕಡತದಲ್ಲಿ ದಾಖಲಾಗುತ್ತದೆ. ವೇಳೆ ಸರಿಯಿದ್ದರೆ ಮಾತ್ರ ನುರಿತ ಎಲೆಕ್ಟ್ರಿಷಿಯನ್‌ರಿಂದ ರಿಲೇ ಮತ್ತು ವಿದ್ಯುತ್ ಕವಾಟವನ್ನು ಜೋಡಿಸಿಕೊಳ್ಳಬೇಕು.

ಗಡಿಯಾರದ ತಪ್ಪು

ಮೈಸೂರಿನ ಬನ್ನಿಮಂಟಪದಲ್ಲಿರುವ ನಮ್ಮ ಮನೆಯ ತಾರಸಿ ತೋಟಕ್ಕೆ ನಾನು ಇದನ್ನು ಅಳವಡಿಸಿದಾಗ ಈ ಪರೀಕ್ಷೆಯನ್ನು ಮಾಡಲಿಲ್ಲ. 5-30ಕ್ಕೆ ಬರಬೇಕಾದ ನೀರು ಸುಡುಬಿಸಿಲಿನಲ್ಲಿ 11 ಗಂಟೆಗೆ ಬಂದಿತು. ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಯಂತ್ರದ ಗಡಿಯಾರ ಜಾಗತಿಕ ವೇಳೆಯಲ್ಲಿತ್ತು. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದು. ಆದುದರಿಂದ ವೇಳಾವಲಯವನ್ನು ‘ಏಷ್ಯಾ/ಕೋಲ್ಕತ್ತಾ’ ಎಂದು ಬದಲಿಸಿ, ಯಂತ್ರವನ್ನು ಒಮ್ಮೆ ಆರಿಸಿ ಪುನಃ ಚಾಲೂ ಮಾಡಬೇಕು. ಹಳೆಯ ಯಂತ್ರವಾದರೆ ಒಳಗಿನ ಬಿಲ್ಲೆಯಾಕಾರದ ಬ್ಯಾಟರಿಯನ್ನೂ ಬದಲಿಸುವುದು ಒಳ್ಳೆಯದು.

ವಿದ್ಯುತ್ ಹೋದರೆ

ಇದು ಎಲ್ಲಕ್ಕಿಂತ ಮುಖ್ಯ. ಯಂತ್ರ ಆರಿದ್ದಾಗ ಮೀರಿಹೋದ ವೇಳೆಯ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ. ಆರಂಭದ ವೇಳೆ ತಪ್ಪಿದರೆ ಬೆಳೆಗೆ ಒಂದು ಸರದಿ ನಷ್ಟ. ಆದರೆ 7 ಗಂಟೆಗೆ ವಿದ್ಯುತ್ ಹೋಗಿ 9ಕ್ಕೆ ಬಂದರೆ, 8 ಗಂಟೆಯ ನಿಲ್ಲಿಸುವ ಆದೇಶವೇ ತಪ್ಪಿಹೋಗಿರುತ್ತದೆ. ತೆರೆದ ಕವಾಟ ತೆರೆದೇ ಉಳಿದರೆ ಆಟೋ ಸ್ಟಾರ್ಟರ್ ಪಂಪನ್ನು ಓಡಿಸುತ್ತಲೇ ಇರುತ್ತದೆ. ಬಾವಿಯ ನೀರು ತಳ ಕಂಡರೆ ಪಂಪು ಸುಟ್ಟುಹೋಗಬಹುದು.

ಇದನ್ನು ತಡೆಯಲು ಪಟ್ಟಿಯಲ್ಲಿ ‘@ರೀಬೂಟ್’ ಎಂಬ ಸಾಲನ್ನು ಸೇರಿಸಿ, ಅದರ ಮುಂದೆ ನಿಲ್ಲಿಸುವ ಆದೇಶವನ್ನು ಬರೆಯಬೇಕು. ಆಗ ಯಂತ್ರ ಪುನಃ ಚಾಲೂ ಆದೊಡನೆ ಕವಾಟ ಮುಚ್ಚುತ್ತದೆ. ವಿದ್ಯುತ್ ಬಂದಾಗ ಯಂತ್ರ ತಾನಾಗಿಯೇ ಚಾಲೂ ಆಗುವಂತೆ ಹೊಂದಿಸಿರಬೇಕು. ಪಂಪಿಗೆ ನೀರಿಲ್ಲದಾಗ ನಿಲ್ಲಿಸುವ ರಕ್ಷಕ ಸಾಧನ ಬೇರೆ ಇರಲೇಬೇಕು.

ಮಳೆ ಬಂದದ್ದು ಗಣಕಯಂತ್ರಕ್ಕೆ ತಿಳಿಯದು. ಹದವಾದ ಮಳೆಯಾದ ದಿನ ಆರಂಭದ ಸಾಲಿನ ಮುಂದೆ ‘#’ ಗುರುತು ಹಾಕಿದರೆ ಆ ಸರದಿ ನಿಲ್ಲುತ್ತದೆ; ಮಣ್ಣು ಒಣಗಿದ ಮೇಲೆ ಗುರುತನ್ನು ಅಳಿಸಬೇಕು. ವೇಳೆ ನೋಡುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು. ಮಣ್ಣನ್ನು ಮುಟ್ಟಿ ನೋಡುವ ಕೆಲಸ ರೈತರದೇ.