ತಂಗಡಿ, ನೆಲಾವರಿಕೆ ಮತ್ತು ಸೂಕ್ಷ್ಮದರ್ಶಕ

ನಮ್ಮ ಮದಕರಿಪುರದ ಸುತ್ತಣ ಕುರುಚಲು ಬಯಲಿನಲ್ಲಿ ನಡೆದಾಡಿದವರೆಲ್ಲರೂ ತಂಗಡಿಯ ಗಿಡವನ್ನು ಬಲ್ಲರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿಯೂ ಹೊನ್ನಿನ ಬಣ್ಣದ ಹೂಗಳನ್ನು ಹೊತ್ತು ನಿಲ್ಲುವ ಈ ಗಿಡಕ್ಕೆ ಆವರಿಕೆಯೆಂಬ ಹೆಸರೂ ಉಂಟು. ಇದರ ತೊಗಟೆಯು ಚರ್ಮ ಹದಮಾಡುವುದಕ್ಕೆ ಒದಗುವುದು. ಗ್ರಂಧಿಗೆ ಅಂಗಡಿಯಲ್ಲಿ ಮಲಬದ್ಧತೆಗೆಂದು ಕೊಡುವ ಸೋನಾಮುಖಿಯ ಸೊಪ್ಪಿಗಾದರೋ ನೆಲಾವರಿಕೆಯೆಂದು ಹೆಸರು. ಹೆಸರಿನಲ್ಲಿಯೇ ಇಷ್ಟು ನಂಟಿರುವಾಗ, ಒಂದನ್ನು ಕೇಳಿದವರಿಗೆ ಇನ್ನೊಂದು ದೊರೆತರೆ ಆಶ್ಚರ್ಯವೇನು?

ಇದು ಬರಿಯ ಹೆಸರಿನ ಗೊಂದಲವಲ್ಲ. ಸೋನಾಮುಖಿಯ ವ್ಯಾಪಾರದಲ್ಲಿ ತಂಗಡಿಯ ಎಲೆಯನ್ನು ಬೆರೆಸುವ ದುರಭ್ಯಾಸವನ್ನು ಔಷಧಶಾಸ್ತ್ರದ ಗ್ರಂಥಗಳು ಬಹುಕಾಲದಿಂದ ಎತ್ತಿ ಹೇಳುತ್ತ ಬಂದಿರುವುವು. ಸೋನಾಮುಖಿಗಿರುವ ವಿರೇಚಕ ಗುಣವು ತಂಗಡಿಯಲ್ಲಿ ಇಲ್ಲವೆಂದೇ ಹೇಳಬೇಕು. ತಾಯಿಯೊಬ್ಬಳು ಬೆರಕೆಯ ಪುಡಿಯನ್ನು ಕೊಟ್ಟು, ಗುಣ ಕಾಣದೆ ಪ್ರಮಾಣವನ್ನು ಇಮ್ಮಡಿ ಮಾಡಿದಳೆನ್ನಿ. ಮುಂದಿನ ಸಲ ಅಂಗಡಿಯಿಂದ ಶುದ್ಧವಾದ ಸೊಪ್ಪು ಬಂದರೆ ಆ ಇಮ್ಮಡಿ ಪ್ರಮಾಣವೇ ಹೊಟ್ಟೆಯ ನುಲಿತಕ್ಕೂ ಭೇದಿಗೂ ಕಾರಣವಾಗುವುದು. ಆದುದರಿಂದ ಈ ಎರಡನ್ನು ಬೇರ್ಪಡಿಸುವ ವಿದ್ಯೆಯು ಮನೆವಾರ್ತೆಗೂ ಸೇರಿದ್ದು.

ಹಸಿಯ ಗಿಡವು ಮುಂದಿದ್ದರೆ ಕಣ್ಣೇ ಸಾಕು. ತಂಗಡಿಯ ಎಲೆಕಾವಿನ ಬುಡದಲ್ಲಿ ಕಿವಿಯಂತೆ ಅಗಲವಾದ ಎರಡು ಪುಟ್ಟ ಎಲೆಗಳು ನಿಂತಿರುವುವು. ‘ಆರಿಕ್ಯುಲೇಟಾ’ ಎಂಬ ಲ್ಯಾಟಿನ್ ಹೆಸರಿಗೆ ಕಿವಿಯುಳ್ಳದ್ದು ಎಂದೇ ಅರ್ಥ. ಕಿರುಎಲೆಗಳ ಪ್ರತಿಯೊಂದು ಜೋಡಿಯ ನಡುವೆಯೂ ಸಣ್ಣದೊಂದು ಗ್ರಂಥಿಯು ನೆಟ್ಟಗೆ ನಿಂತಿರುವುದು. ಅದರ ಕಿರುಎಲೆಯ ತುದಿ ಮೊಂಡು. ಸೋನಾಮುಖಿಯದು ಚೂಪು, ಬುಡದಲ್ಲಿ ಎರಡು ಪಕ್ಕಗಳೂ ಸಮವಾಗಿರುವುದಿಲ್ಲ. ಆದರೆ ಒಣಗಿಸಿ ಕುಟ್ಟಿ ಪುಡಿಮಾಡಿದ ಮೇಲೆ ಕಿವಿಯೆಲ್ಲಿ, ಗ್ರಂಥಿಯೆಲ್ಲಿ, ತುದಿಯೆಲ್ಲಿ? ಆಗ ಸೂಕ್ಷ್ಮದರ್ಶಕ ಯಂತ್ರವನ್ನೇ ಆಶ್ರಯಿಸಬೇಕು.

ಎಲೆಯ ಚೂರನ್ನು ಕ್ಲೋರಲ್ ಹೈಡ್ರೇಟಿನ ದ್ರಾವಣದಲ್ಲಿ ಕಾಯಿಸಿದರೆ ಹಸುರು ಕಳೆದು ಅದು ಗಾಜಿನಂತೆ ತಿಳಿಯಾಗುವುದು. ಅದನ್ನು ಯಂತ್ರದಡಿ ನೋಡಲಾಗಿ, ನೆಲಕ್ಕೆ ಹಾಸಿದ ಕಲ್ಲುಗಳಂತೆ ಹೊರಸಿಪ್ಪೆಯ ಜೀವಕೋಶಗಳು ಒಂದಕ್ಕೊಂದು ಹೊಂದಿಕೊಂಡಿರುವುದನ್ನೂ, ಅವುಗಳ ನಡುವೆ ಎಲೆಯು ಉಸಿರಾಡುವ ರಂಧ್ರಗಳಿರುವುದನ್ನೂ ಕಾಣುವೆವು. ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟು ರಂಧ್ರಗಳಿವೆಯೆಂದು ಎಣಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ನೆರಳಿನಲ್ಲಿ ಬೆಳೆದ ಎಲೆಯು ಹಿಗ್ಗಿ ಅಗಲವಾಗುವುದು. ಜೀವಕೋಶಗಳು ದೊಡ್ಡವಾಗಿ ರಂಧ್ರಗಳು ದೂರದೂರ ಸರಿಯುವುವು. ಬಿಸಿಲಿನ ಎಲೆಯಲ್ಲಿ ಅವೇ ಒತ್ತೊತ್ತಾಗಿರುವುವು. ಒಂದೇ ಗಿಡದ ಎರಡು ಕೊಂಬೆಗಳು ಎರಡು ಲೆಕ್ಕ ಕೊಟ್ಟರೆ ಆ ಲೆಕ್ಕವನ್ನು ನಂಬುವುದೆಂತು?

ಈ ತೊಡಕನ್ನು ಬಿಡಿಸಿದವರು ಇಂಗ್ಲೆಂಡಿನ ಸಸ್ಯವಿಜ್ಞಾನಿ ಸಾಲ್ಸ್‌ಬರಿಯವರು. 1927ರಲ್ಲಿ ಅವರು ಮುಂದಿಟ್ಟ ಉಪಾಯವು ಬಲು ಸರಳ. ರಂಧ್ರಗಳನ್ನು ಮಾತ್ರವೇ ಎಣಿಸಬೇಡಿ. ಅದೇ ಜಾಗದಲ್ಲಿರುವ ಹೊರಸಿಪ್ಪೆಯ ಜೀವಕೋಶಗಳನ್ನೂ ಎಣಿಸಿ, ಎರಡನ್ನೂ ಕೂಡಿಸಿ, ಆ ಮೊತ್ತದಲ್ಲಿ ರಂಧ್ರಗಳು ನೂರಕ್ಕೆ ಎಷ್ಟೆಂದು ನೋಡಿ. ಎಲೆಯು ಹಿಗ್ಗಿದಾಗ ಎರಡೂ ಒಟ್ಟಿಗೆ ದೂರ ಸರಿಯುವುದರಿಂದ ಈ ಪ್ರಮಾಣವು ಬಹುಮಟ್ಟಿಗೆ ಕದಲುವುದಿಲ್ಲ. ಉದಾಹರಣೆಗೆ, 24 ರಂಧ್ರಗಳೂ 176 ಜೀವಕೋಶಗಳೂ ಕಂಡರೆ ಮೊತ್ತ 200. ರಂಧ್ರಗಳ ಪ್ರಮಾಣ ನೂರಕ್ಕೆ 12. ಅಡಿಗೆಮನೆಯಲ್ಲಿ ಅಕ್ಕಿಗೆ ಇಷ್ಟು ಬೇಳೆಯೆಂದು ಲೆಕ್ಕವಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕದ ಬಲವು ಸೋನಾಮುಖಿಯಲ್ಲಿಯೇ ಚೆನ್ನಾಗಿ ಕಾಣುವುದು. ಔಷಧಕ್ಕೆ ಬರುವ ಸೋನಾಮುಖಿಯಲ್ಲಿ ಎರಡು ಬಗೆ. ಒಂದು ಹಿಂದೆ ಅಲೆಕ್ಸಾಂಡ್ರಿಯದ ಬಂದರಿನ ಮೂಲಕ ಬರುತ್ತಿದ್ದ ಆಫ್ರಿಕದ ಸೊಪ್ಪು. ಇನ್ನೊಂದು ತಮಿಳುನಾಡಿನ ತಿರುನೆಲ್ವೇಲಿಯ ಕಡೆ ಬೆಳೆಯುವುದು. ಮೊದಲನೆಯದರಲ್ಲಿ ರಂಧ್ರಗಳ ಪ್ರಮಾಣ ನೂರಕ್ಕೆ ಸುಮಾರು 11ರಿಂದ 13. ಎರಡನೆಯದರಲ್ಲಿ 17ರಿಂದ 20. ನಡುವೆ ಇಷ್ಟು ತೆರಪಿರುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವ ಹಾಗಿಲ್ಲ. ಹೀಗಿದ್ದರೂ ಇಂದಿನ ಸಸ್ಯಶಾಸ್ತ್ರಜ್ಞರಲ್ಲಿ ಅನೇಕರು ಈ ಎರಡನ್ನೂ ಕೂಡಿಸಿ ಸೆನ್ನಾ ಅಲೆಕ್ಸಾಂಡ್ರಿನಾ ಎಂಬ ಒಂದೇ ಜಾತಿಯೆಂದೆಣಿಸುತ್ತಾರೆ. ವಿದ್ಯಾರ್ಥಿನಿಯರು ಇದರಿಂದ ಕಂಗೆಡಬಾರದು. ಎಷ್ಟು ಭೇದವಿದೆಯೆಂದು ಯಂತ್ರವು ತೋರಿಸಿಕೊಡುವುದು. ಅಷ್ಟು ಭೇದಕ್ಕೆ ಬೇರೆ ಜಾತಿಯೆನ್ನಬೇಕೋ ಬೇಡವೋ ಎಂಬುದನ್ನು ಮನುಷ್ಯರೇ ಕೂತು ತೀರ್ಮಾನಿಸಬೇಕು. ತಂಗಡಿಯ ವಿಷಯದಲ್ಲಿ ಅಂತಹ ಚರ್ಚೆಯೇ ಇಲ್ಲ. ಅದರ ಎಲೆಯ ರೋಮಗಳು ಸೋನಾಮುಖಿಯವುಗಳಿಗಿಂತ ಉದ್ದವಾದುವು. ನೂರಕ್ಕೆ 80ರ ಗಂಧಕಾಮ್ಲವನ್ನು ಹನಿಸಿದರೆ ತಂಗಡಿಯ ಚೂರು ಕಡುಗೆಂಪಾಗುವುದು. ಇದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ, ಉಪಾಧ್ಯಾಯಿನಿಯರ ಎದುರಿನಲ್ಲಿ ಮಾತ್ರವೇ ಮಾಡತಕ್ಕದ್ದು.

ಹೂವಿನ ಪರಾಗದಿಂದಲೂ ಗಿಡಗಳ ಗುರುತು ಹಿಡಿಯಬಹುದು. ಆ ವಿದ್ಯೆಗೆ ಪೇಲಿನಾಲಜಿಯೆಂಬ ಹೆಸರು ಬಂದುದು 1944ರಲ್ಲಿ. ದಾಸವಾಳದ ಪರಾಗಕಣವು ಮುಳ್ಳುಮುಳ್ಳಾದ ದೊಡ್ಡ ಚೆಂಡು. ಅದರ ಬಳಗಕ್ಕೆ ಸೇರಿದ ನಮ್ಮ ಹತ್ತಿಯದೂ ಹಾಗೆಯೇ. ಹುಲ್ಲಿನ ಕುಲದಲ್ಲಿ ಮುಳ್ಳಿಲ್ಲ, ದುಂಡನೆಯ ಕಣಕ್ಕೆ ಒಂದೇ ಒಂದು ರಂಧ್ರ. ರಾಗಿ, ಜೋಳ, ಮುಸುಕಿನ ಜೋಳ ಎಲ್ಲಕ್ಕೂ ಇದೇ ರೂಪವಾದುದರಿಂದ ಇಲ್ಲಿ ಗಾತ್ರವೊಂದೇ ಗತಿ. ಮುಸುಕಿನ ಜೋಳದ ಕಣವು ಮಿಲಿಮೀಟರಿನ ಸಾವಿರದಲ್ಲಿ 80ರಿಂದ 100 ಪಾಲು ಅಗಲವಿದ್ದು ರಾಗಿಯ ಕಣಕ್ಕಿಂತ ಬಹಳ ದೊಡ್ಡದು. ಆದರೆ ಕಣವು ನೀರಿನಲ್ಲಿ ಉಬ್ಬುವುದರಿಂದ ಎರಡನ್ನೂ ಒಂದೇ ದ್ರವದಲ್ಲಿಟ್ಟು ಅಳೆಯಬೇಕು. ಇನ್ನು ತಂಗಡಿ ಸೋನಾಮುಖಿಗಳಂತಹ ಹತ್ತಿರದ ನಂಟರಲ್ಲಿ ಪರಾಗವನ್ನು ನೆಚ್ಚುವುದಕ್ಕಿಂತ ಎಲೆಯನ್ನು ನೆಚ್ಚುವುದೇ ಮೇಲೆಂದು ನಮ್ಮ ಅಭಿಪ್ರಾಯ. ಅಂಗಡಿಯ ಸೊಪ್ಪಿನಲ್ಲಿ ಹೂವಾದರೂ ಎಲ್ಲಿರುತ್ತದೆ?

ಮನೆಯಲ್ಲಿ ಸೂಕ್ಷ್ಮದರ್ಶಕವುಳ್ಳ ಹಳೆಯ ವಿದ್ಯಾರ್ಥಿನಿಯರು ಹಸಿಯ ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಪಾಲಿಶನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಮೆಲ್ಲನೆ ಎಬ್ಬಿಸಿ ಗಾಜಿನ ಮೇಲಿಟ್ಟು ನೋಡಬಹುದು. ಎಲೆಯ ಅಚ್ಚು ಅದರಲ್ಲಿ ಸ್ಪಷ್ಟವಾಗಿ ಮೂಡಿರುವುದು. ನರಗಳ ಮೇಲೂ ಅಂಚಿನಲ್ಲೂ ಎಣಿಸಬಾರದು. ಬೇರೆಬೇರೆ ಎಡೆಗಳಲ್ಲಿ ಹಲವು ಸಲ ಎಣಿಸಿ ಸರಾಸರಿ ತೆಗೆಯಬೇಕು. ಅಂಗಡಿಯ ಪುಡಿಯನ್ನು ಪರೀಕ್ಷಿಸುವಲ್ಲಿ ಮಾತ್ರ ಸರಾಸರಿಯು ಮೋಸಮಾಡುವುದುಂಟು. ಎರಡು ಸೊಪ್ಪುಗಳು ಬೆರೆತಿದ್ದರೆ ಅದು ಎರಡಕ್ಕೂ ಸೇರದ ನಡುವಣ ಅಂಕಿಯನ್ನು ಕೊಡುವುದು. ಆದುದರಿಂದ ಅಲ್ಲಿ ಪ್ರತಿಯೊಂದು ಚೂರಿನ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆದಿಡತಕ್ಕದ್ದು.