ಗಂಟಲಿನ ಬಿಳಿ ಚುಕ್ಕೆ, ಮೈಮೇಲಿನ ದದ್ದು

ಗಂಟಲು ಕೆರೆದು ಮೈ ಬಿಸಿಯಾಯಿತೆಂದರೆ ಮನೆಯಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ‘ತಣ್ಣೀರು ಕುಡಿದದ್ದಕ್ಕೆ ಬಂದಿರಬೇಕು, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದರೆ ಹೋಗುತ್ತೆ’ ಎನ್ನುವುದು ಒಂದು. ‘ಇನ್ಫೆಕ್ಷನ್ ಆಗಿದೆ, ಮೆಡಿಕಲ್‌ನಲ್ಲಿ ಮೂರು ದಿನದ ಮಾತ್ರೆ ತಗೋ’ ಎನ್ನುವುದು ಇನ್ನೊಂದು. ದೊಡ್ಡವರಲ್ಲಿ ಗಂಟಲು ನೋವೆಂದು ಬರುವ ನೂರು ಜನರಲ್ಲಿ 5ರಿಂದ 15 ಮಂದಿಗೆ ಮಾತ್ರ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ (ಚಿಕ್ಕದಾಗಿ ‘ಸ್ಟ್ರೆಪ್’) ಎಂಬ ಬ್ಯಾಕ್ಟೀರಿಯಾ ಕಾರಣ. ಉಳಿದವರಲ್ಲಿ ಬಹುತೇಕರದು ವೈರಸ್ಸಿನ ಕಾಟ. ಅದಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡದು. ಆದರೆ ಆ ಕೆಲವರ ಪಾಲಿಗೆ ಉಪ್ಪುನೀರೊಂದೇ ಸಾಲದು.

ತಣ್ಣೀರು, ಐಸ್‌ಕ್ರೀಂ, ಮೊಸರು ಈ ರೋಗವನ್ನು ತರುವುದಿಲ್ಲ. ಸೋಂಕಿರುವವರ ಕೆಮ್ಮು, ಸೀನು, ಎಂಜಲಿನ ಹನಿಗಳಿಂದ ಅದು ದಾಟುತ್ತದೆ. ಎರಡರಿಂದ ಐದು ದಿನದಲ್ಲಿ ಗಂಟಲು ಹಿಡಿಯುತ್ತದೆ. ಉಪ್ಪುನೀರು, ಬಿಸಿ ಅರಿಶಿನ ಹಾಲು ನೋವಿಗೆ ಹಿತ ನಿಜ, ಬಿಡಬೇಕಾಗಿಲ್ಲ. ಬ್ಯಾಕ್ಟೀರಿಯಾವನ್ನು ಓಡಿಸುವ ಕೆಲಸ ಮಾತ್ರ ಅವುಗಳದ್ದಲ್ಲ.

‘ಟಾನ್ಸಿಲ್ ಮೇಲೆ ಬಿಳಿ ಕಂಡರೆ ಸ್ಟ್ರೆಪ್ಪೇ’ ಎನ್ನುವ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಎಪ್‌ಸ್ಟೀನ್-ಬಾರ್ ವೈರಸ್, ಅಡಿನೋವೈರಸ್ ಕೂಡ ಅಂಥದೇ ಬಿಳಿ ಪದರ ಮೂಡಿಸುತ್ತವೆ. 1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ವಯಸ್ಕ ರೋಗಿಗಳನ್ನೇ ನೋಡಿ ನಾಲ್ಕು ಗುರುತುಗಳನ್ನು ಆರಿಸಿದರು: ಜ್ವರ, ಟಾನ್ಸಿಲ್ ಮೇಲೆ ಬಿಳಿ ಪದರ, ಕತ್ತಿನ ಮುಂಭಾಗದಲ್ಲಿ ಒತ್ತಿದರೆ ನೋಯುವ ಗಂಟು, ಮತ್ತು ಕೆಮ್ಮು ಇಲ್ಲದಿರುವುದು. ನಾಲ್ಕೂ ಇದ್ದವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತ್ರ ಸ್ಟ್ರೆಪ್ ಇತ್ತು! ಅನುಭವಿ ಕಣ್ಣಿಗೂ ಇಷ್ಟೇ ಸಾಧ್ಯ. ಆದ್ದರಿಂದ ಒಂದೇ ಗುರುತಿದ್ದರೆ, ಇಲ್ಲವೇ ಮೂಗು ಸೋರಿ, ಕೆಮ್ಮು ಬಂದು, ಸ್ವರ ಒಡೆದಿದ್ದರೆ ಪರೀಕ್ಷೆಯೂ ಬೇಕಿಲ್ಲ. ಎರಡು ಮೂರು ಗುರುತು ಸೇರಿದರೆ ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ನೋಡಬೇಕು. ರ್‍ಯಾಪಿಡ್ ಟೆಸ್ಟ್ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಒಂದೆರಡು ದಿನ ಬೇಕು. ಟಾನ್ಸಿಲ್ ತೆಗೆಸಿಕೊಂಡವರಿಗೂ ಈ ಸೋಂಕು ಬರಬಹುದು.

ನಮ್ಮ ಲ್ಯಾಬುಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆಯೇ ಪರೀಕ್ಷೆ: ಎಎಸ್‌ಒ ಎಂಬ ರಕ್ತಪರೀಕ್ಷೆ. ಕೀಲು ನೋವೆಂದು ಹೋದವರ ಕೈಗೆ ‘ಎಎಸ್‌ಒ ಜಾಸ್ತಿ’ ಎಂಬ ರಿಪೋರ್ಟ್ ಬರುತ್ತದೆ. ಅದನ್ನು ಇಳಿಸಲೆಂದು ತಿಂಗಳುಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಆ ಸಂಖ್ಯೆ ಹೇಳುವುದು ಇಷ್ಟೇ: ಈಚಿನ ವಾರಗಳಲ್ಲೋ ತಿಂಗಳುಗಳಲ್ಲೋ ಎಂದಾದರೂ ಸ್ಟ್ರೆಪ್ ತಗುಲಿತ್ತು, ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿತ್ತು. ಇವತ್ತಿನ ಗಂಟಲು ನೋವಿಗೆ ಕಾರಣ ಯಾವುದೆಂದು ಅದು ಹೇಳಲಾರದು, ಏಕೆಂದರೆ ಆ ಪ್ರತಿಕಾಯ ಏರಿ ತುದಿ ಮುಟ್ಟುವುದೇ ಮೂರರಿಂದ ಐದು ವಾರದ ಮೇಲೆ. ಆರೋಗ್ಯವಂತರಲ್ಲೂ ಅದು ಏರಿರಬಹುದು. ಸ್ಟ್ರೆಪ್ ಸೋಂಕಿನ ಬೆನ್ನಿಗೆ ಬಂದು ಕೀಲು, ಹೃದಯವನ್ನು ಕಾಡುವ ರುಮ್ಯಾಟಿಕ್ ಜ್ವರದ ಬೇರೆ ಲಕ್ಷಣಗಳಿದ್ದಾಗ ಅದಕ್ಕೆ ಬೆಲೆಯಿದೆ. ಒಂಟಿಯಾಗಿ ನಿಂತ ಒಂದು ಸಂಖ್ಯೆಗೆ ಚಿಕಿತ್ಸೆಯಿಲ್ಲ.

ಇನ್ನು ದದ್ದು. ಜ್ವರದ ಜೊತೆ ಮೈಮೇಲೆ ಏನಾದರೂ ಎದ್ದರೆ ‘ಉಷ್ಣ’, ‘ಪಿತ್ತದ ಗಂಧೆ’, ಇಲ್ಲವೇ ‘ಅಮ್ಮ’ ಎಂದು ಹೆಸರಿಟ್ಟು ಬೇವಿನ ಸೊಪ್ಪು ತರುವುದುಂಟು. ಸ್ಟ್ರೆಪ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ಸುರಿಸುವ ವಿಷದಿಂದಲೂ ದದ್ದು ಏಳುತ್ತದೆ. ಅದೇ ಸ್ಕಾರ್ಲೆಟ್ ಜ್ವರ. ಮಕ್ಕಳಲ್ಲಿ ಹೆಚ್ಚು, ದೊಡ್ಡವರಲ್ಲಿ ಅಪರೂಪ, ಆದರೆ ಬರುವುದೇ ಇಲ್ಲವೆಂದಲ್ಲ. ಕತ್ತು, ಎದೆಯಿಂದ ಶುರುವಾಗಿ ಮೈಗೆ ಹರಡುತ್ತದೆ. ಕಂಕುಳು, ತೊಡೆಸಂದಿ, ಮೊಣಕೈ ಮಡಿಕೆಗಳಲ್ಲಿ ಗೆರೆಗಟ್ಟುತ್ತದೆ. ಕೆನ್ನೆ ಕೆಂಪಾದರೂ ಬಾಯಿಯ ಸುತ್ತ ಬಿಳಿಚಿಕೊಂಡಿರುತ್ತದೆ. ನಾಲಿಗೆ ಕೆಂಪಾಗಿ ಅದರ ಕಣಗಳು ಉಬ್ಬುತ್ತವೆ. ಪುಸ್ತಕದ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ನಮ್ಮ ಕಂದು ಮೈಬಣ್ಣದಲ್ಲಿ ಆ ಕೆಂಪು ಕಾಣದೇ ಹೋಗಬಹುದು, ಅದಕ್ಕೇ ಬೆರಳಾಡಿಸಿ ನೋಡಬೇಕು: ಚರ್ಮ ಮರಳು ಕಾಗದದಂತೆ ತರಿತರಿಯಾಗಿರುತ್ತದೆ. ವಾರ ಕಳೆದ ಮೇಲೆ ಬೆರಳ ತುದಿಗಳಲ್ಲಿ ಸಿಪ್ಪೆ ಏಳುವುದೂ ಉಂಟು. ದದ್ದಿನ ಮೇಲೆ ಹಚ್ಚುವ ಮುಲಾಮಿನಿಂದ ಇದು ವಾಸಿಯಾಗದು; ಗಂಟಲಿನ ಸೋಂಕಿಗೆ ಕೊಡುವ ಔಷಧಿಯೇ ಇದಕ್ಕೂ ಔಷಧಿ. ಡೆಂಗಿ, ದಡಾರದಲ್ಲೂ ಜ್ವರ ಮತ್ತು ದದ್ದು ಜೊತೆಯಾಗಿ ಬರುವುದರಿಂದ ಊಹೆಯ ಮೇಲೆ ನಿಲ್ಲುವುದು ಅಪಾಯ.

ಗಂಟಲು ವಾಸಿಯಾಗಿ ಎರಡು ಮೂರು ವಾರದ ನಂತರ ಹೊಟ್ಟೆ, ಬೆನ್ನು, ತೋಳುಗಳ ಮೇಲೆ ಹೊಟ್ಟು ಏಳುವ ಚಿಕ್ಕ ಹನಿಯಾಕಾರದ ಮಚ್ಚೆಗಳು ಮೂಡಿದರೆ ಅದು ಸೋರಿಯಾಸಿಸ್‌ನ ಒಂದು ಬಗೆ ಇರಬಹುದು. ಸ್ಟ್ರೆಪ್ ಅದಕ್ಕೆ ಕಿಡಿ ಹಚ್ಚುತ್ತದೆ. ಯುವಕ ಯುವತಿಯರಲ್ಲಿ ಇದು ಕಾಣುತ್ತದೆ. ಅದು ಅಂಟುವುದಿಲ್ಲ.

ಇನ್ನೊಂದು ದದ್ದಿಗೆ ಔಷಧಿಯೇ ಕಾರಣ. ಎಪ್‌ಸ್ಟೀನ್-ಬಾರ್ ಸೋಂಕಿರುವವರು ಸ್ಟ್ರೆಪ್ ಎಂದುಕೊಂಡು ಅಮಾಕ್ಸಿಸಿಲಿನ್ ನುಂಗಿದರೆ ಅನೇಕರಿಗೆ ಮೈತುಂಬ ದದ್ದು ಬರುತ್ತದೆ. ಅದು ಸಾಮಾನ್ಯವಾಗಿ ನಿಜವಾದ ಅಲರ್ಜಿಯಲ್ಲ. ಆದರೂ ಚೀಟಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದದ್ದು ಜೀವಮಾನಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿಯೇ ಇರುವುದಿಲ್ಲ. ಆದರೆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಅದು ತುರ್ತು. ತಡಮಾಡದೆ ಆಸ್ಪತ್ರೆ ಸೇರಬೇಕು.

‘ನೋವು ಹೋಯಿತು, ಮಾತ್ರೆ ಸಾಕು.’ ಇದು ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ. ಸ್ಟ್ರೆಪ್ಪಿನ ಗಂಟಲು ನೋವು ಔಷಧಿ ಇಲ್ಲದೆಯೂ ವಾರದೊಳಗೆ ಇಳಿಯುತ್ತದೆ. ಆ್ಯಂಟಿಬಯೋಟಿಕ್ ಅದನ್ನು ಸುಮಾರು ಒಂದು ದಿನ ಬೇಗ ಮುಗಿಸುತ್ತದೆ ಅಷ್ಟೆ. ಹಾಗಿದ್ದರೆ ಹತ್ತು ದಿನದ ಕೋರ್ಸ್ ಏಕೆ? ಉತ್ತರ ಸಿಕ್ಕಿದ್ದು ಅಮೆರಿಕದ ವಯೋಮಿಂಗ್ ರಾಜ್ಯದ ವಾರನ್ ವಾಯುನೆಲೆಯಲ್ಲಿ. ಒತ್ತೊತ್ತಾಗಿ ಮಂಚ ಹಾಕಿದ ಅಲ್ಲಿನ ಬ್ಯಾರಕ್ಕುಗಳಲ್ಲಿ ಯುವ ಸೈನಿಕರು ಸಾಲುಸಾಲಾಗಿ ಗಂಟಲು ನೋವಿಗೆ ಬೀಳುತ್ತಿದ್ದರು. ಚಾರ್ಲ್ಸ್ ರ್‍ಯಾಮೆಲ್‌ಕ್ಯಾಂಪ್ ಮುಂದಾಳತ್ವದ ತಂಡ ಕೆಲವರಿಗೆ ಪೆನಿಸಿಲಿನ್ ಕೊಟ್ಟು, ಕೆಲವರಿಗೆ ಕೊಡದೆ ಕಾದು ನೋಡಿತು. ಪೆನಿಸಿಲಿನ್ ಪಡೆದವರಲ್ಲಿ ರುಮ್ಯಾಟಿಕ್ ಜ್ವರ ಬಹುಪಾಲು ತಪ್ಪಿತ್ತು. ಫಲಿತಾಂಶ 1950ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಒಂಬತ್ತನೇ ದಿನಕ್ಕೆ ಶುರುವಾದರೂ ರಕ್ಷಣೆ ಸಿಗುತ್ತದೆಂಬುದೂ ಅಲ್ಲೇ ತಿಳಿಯಿತು. ಹಾಗಾಗಿ ಕಲ್ಚರ್ ರಿಪೋರ್ಟಿಗೆ ಒಂದೆರಡು ದಿನ ಕಾದರೆ ಮುಳುಗಿಹೋಗುವುದೇನಿಲ್ಲ. ಶುರುಮಾಡಿದ ಮೇಲೆ ನಡುವೆ ಬಿಡಬಾರದು.

‘ಹಳೇ ಪೆನಿಸಿಲಿನ್ ಈಗ ನಾಟುವುದಿಲ್ಲ’ ಎಂಬುದೂ ಸುಳ್ಳು. ಎಂಬತ್ತು ವರ್ಷ ಬಳಸಿದರೂ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಪ್ರತಿರೋಧ ಗಳಿಸಿಲ್ಲ. ಜನ ಕೇಳಿ ಪಡೆಯುವ ಅಜಿಥ್ರೊಮೈಸಿನ್‌ಗೆ ಮಾತ್ರ ಗಳಿಸಿದೆ. ಹತ್ತು ದಿನ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಇಲ್ಲವೇ ಒಂದೇ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು: ವೈದ್ಯರ ಮೊದಲ ಆಯ್ಕೆ ಇಂದಿಗೂ ಅದೇ. ಔಷಧಿ ಶುರುವಾಗಿ 24 ಗಂಟೆ ಕಳೆದು ಜ್ವರ ಇಳಿದರೆ ಕೆಲಸಕ್ಕೆ ಹೋಗಬಹುದು.

ಎಂಜಲು ನುಂಗಲಾಗದೆ, ಬಾಯಿ ತೆರೆಯಲಾಗದೆ, ಒಂದೇ ಪಕ್ಕ ವಿಪರೀತ ನೋವಿದ್ದರೆ ಟಾನ್ಸಿಲ್ ಪಕ್ಕ ಕೀವು ಕಟ್ಟಿರಬಹುದು. ಬೂದುಬಣ್ಣದ ಪದರ ಅಂಟಿಕೊಂಡಿದ್ದರೆ ಗಂಟಲಮಾರಿಯ ಶಂಕೆ. ನಮ್ಮಲ್ಲಿ ಅದಿನ್ನೂ ಅಳಿದಿಲ್ಲ. ಗಂಟಲು ನೋವಾಗಿ ಒಂದೆರಡು ವಾರಕ್ಕೆ ಮುಖ ಊದಿ, ಮೂತ್ರ ಕಾಫಿಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು.

ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದಿದ್ದ ವಯಸ್ಕರ ಲೆಕ್ಕವೇ ಬೇರೆ. ಅವರಿಗೆ ಪ್ರತಿ ಸ್ಟ್ರೆಪ್ ಸೋಂಕೂ ಹೃದಯದ ಕವಾಟವನ್ನು ಮತ್ತೆ ಕೆಡಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸಿಕೊಳ್ಳಲು ಬರುವ ಇಂಥ ರೋಗಿಗಳು ಈಗಲೂ ಇದ್ದಾರೆ. ಮೂರು ವಾರಕ್ಕೊಮ್ಮೆ ಪಡೆಯುವ ಪೆನಿಸಿಲಿನ್ ಚುಚ್ಚುಮದ್ದನ್ನು ‘ಈಗ ಆರಾಮಿದ್ದೇನಲ್ಲ’ ಎಂದು ಅವರು ತಾವಾಗಿಯೇ ನಿಲ್ಲಿಸಬಾರದು. ಕವಾಟ ಕೆಟ್ಟಿದ್ದರೆ ಅದು ಕಡೇಪಕ್ಷ 40ರ ವಯಸ್ಸಿನವರೆಗೆ, ಕೆಲವರಿಗೆ ಜೀವನವಿಡೀ ಬೇಕಾಗುತ್ತದೆ.