ಹೆಸರು ಹಿಂದೂಸ್ಥಾನದ್ದು, ಗಿಡ ಕಂದಹಾರದ್ದು

1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಕೋರ್ಟುಗಳಲ್ಲಿ ಗಾಂಜಾ ಸಮೇತ ಸಿಕ್ಕಿಬಿದ್ದವರ ವಕೀಲರು ಒಂದು ಹೊಸ ವಾದ ಹೂಡಿದರು. ಕಾನೂನು ನಿಷೇಧಿಸಿರುವುದು ‘ಕ್ಯಾನಬಿಸ್ ಸಟೈವಾ’ ಎಂಬ ಗಿಡವನ್ನು. ನಮ್ಮ ಕಕ್ಷಿದಾರನ ಬಳಿ ಸಿಕ್ಕಿದ್ದು ‘ಕ್ಯಾನಬಿಸ್ ಇಂಡಿಕಾ’ ಅಲ್ಲವೆಂದು ಸರ್ಕಾರವೇ ಸಾಬೀತು ಮಾಡಲಿ! ಒಣಗಿ ಪುಡಿಯಾದ ಸೊಪ್ಪನ್ನು ನೋಡಿ ಇದು ಇಂಥದ್ದೇ ಎಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಇಂದು ಅಮೆರಿಕದ ಪರವಾನಗಿ ಅಂಗಡಿಗಳಲ್ಲಿ ‘ಇಂಡಿಕಾ ಪ್ರಧಾನ ತಳಿ, ಮೈಮನ ಹಗುರವಾಗಿಸುತ್ತದೆ, ರಾತ್ರಿಗೆ ತಕ್ಕದ್ದು’ ಎಂದು ಅಚ್ಚಾದ ಡಬ್ಬಿಗಳು ಸಾಲುಗಟ್ಟಿವೆಯಲ್ಲ, ಅವುಗಳ ಹುಟ್ಟು ಹುಡುಕುತ್ತ ಹೋದರೆ ಈ ಜಗಳಕ್ಕೇ ಬಂದು ಮುಟ್ಟುತ್ತೇವೆ.

ಆರೋಪಿಗಳ ಪರವಾಗಿ ಸಾಕ್ಷಿಕಟ್ಟೆ ಹತ್ತಿದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಇವಾನ್ಸ್ ಶುಲ್ಟ್ಸ್ ಒಬ್ಬರು. ಅಮೆಜಾನ್ ಕಾಡಿನಲ್ಲಿ ವರ್ಷಗಟ್ಟಲೆ ಅಲೆದು, ಅಲ್ಲಿನ ಬುಡಕಟ್ಟು ಜನರಿಂದಲೇ ಗಿಡಮೂಲಿಕೆ ಕಲಿತ ಸಸ್ಯವಿಜ್ಞಾನಿ. ಗಾಂಜಾ ಕುಲದಲ್ಲಿರುವುದು ಒಂದೇ ಪ್ರಭೇದ ಎಂದು ಮೊದಲು ಅವರೂ ನಂಬಿದ್ದರು. ಆಮೇಲೆ ರಷ್ಯನ್ ವಿಜ್ಞಾನಿಗಳ ಬರಹಗಳನ್ನು ಓದಿದರು. ಅಫ್ಘಾನಿಸ್ತಾನಕ್ಕೆ ಹೋಗಿ ಕಂದಹಾರದ ಸುತ್ತಲಿನ ಹೊಲಗಳನ್ನು ಕಣ್ಣಾರೆ ಕಂಡರು. ಅಲ್ಲಿದ್ದದ್ದು ಕುಳ್ಳ ಗಿಡ, ಒತ್ತಾದ ಕೊಂಬೆ, ಹಸ್ತದಷ್ಟು ಅಗಲವಾದ ಕಡುಹಸಿರು ಎಲೆ, ಮುಟ್ಟಿದರೆ ಬೆರಳಿಗೆ ಹತ್ತುವ ಅಂಟು. ಇದೇ ಇಂಡಿಕಾ ಎಂದು ಅವರು ತೀರ್ಮಾನಿಸಿದರು. 1974ರಲ್ಲಿ ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧದಲ್ಲಿ ಸಟೈವಾ, ಇಂಡಿಕಾ, ರುಡೆರಾಲಿಸ್ ಎಂದು ಮೂರು ಪ್ರಭೇದ ಎಣಿಸಿದರು. ಮುಂದೆ ಅವರ ಬಳಗದ ಲೋರನ್ ಆಂಡರ್ಸನ್ 1980ರಲ್ಲಿ ಚಿತ್ರ ಬರೆದು ತೋರಿಸಿದರು: ಎತ್ತರದ ಸಪೂರ ಎಲೆಯದ್ದು ಸಟೈವಾ, ಗಿಡ್ಡ ಅಗಲ ಎಲೆಯದ್ದು ಇಂಡಿಕಾ. ಗಾಂಜಾ ಬೆಳೆಯುವವರ ಕೈಪಿಡಿಗಳಿಗೆಲ್ಲ ಹರಡಿದ ವಿಂಗಡಣೆ ಇದೇ.

ನನಗೆ ಸಂಕಟವಾಗುವುದು ಇಲ್ಲಿಯೇ. ಇಂಡಿಕಾ ಎಂಬ ಹೆಸರು ಅದಾಗಲೇ ಬೇರೆ ಗಿಡದ ಸ್ವತ್ತಾಗಿತ್ತು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಯುರೋಪಿನ ನಾರಿನ ಗಿಡಕ್ಕೆ ಸಟೈವಾ ಎಂದು ಹೆಸರಿಟ್ಟ. 1785ರಲ್ಲಿ ಫ್ರಾನ್ಸಿನ ಲಾಮಾರ್ಕ್, ಸೊನ್ನೆರಾ ಎಂಬ ಪ್ರವಾಸಿ ಭಾರತದಿಂದ ತಂದಿದ್ದ ಗಿಡವನ್ನು ಪರೀಕ್ಷಿಸಿ, ಇದು ಬೇರೆಯದೇ ಎಂದು ಇಂಡಿಕಾ ಎಂದ. ಅವನು ವರ್ಣಿಸಿದ್ದು ಸಪೂರ ಎಲೆಯ, ಗಟ್ಟಿ ಕಾಂಡದ, ನಾರಿಗೆ ಬಾರದ, ತಲೆಗೇರುವ ಗಿಡವನ್ನು. ಅದನ್ನು ಸೇವಿಸಿದವರು ದುಃಖ ಮರೆತು ನಗುತ್ತಾರೆ ಎಂದೂ ದಾಖಲಿಸಿದ. ಹಾಗಾದರೆ ಲಾಮಾರ್ಕನ ಇಂಡಿಕಾ ನಗಿಸುವ ಗಿಡ. ಇಂದಿನ ಡಬ್ಬಿಯ ಇಂಡಿಕಾ ಮಲಗಿಸುವ ಗಿಡ. ಕೇರಳದ ಇಡುಕ್ಕಿಯ ಬೆಟ್ಟಗಳಲ್ಲಿ ಬೆಳೆಯುತ್ತಿದ್ದ ಅಸಲಿ ಭಾರತೀಯ ಗಾಂಜಾವನ್ನು ಇಂದಿನ ಬೀಜ ವ್ಯಾಪಾರಿಗಳು ಸಟೈವಾ ಎಂದು ಮಾರುತ್ತಾರೆ. ನಮ್ಮ ನೆಲದ ಗುರುತನ್ನು ಕಿತ್ತು ಅಫ್ಘಾನಿಸ್ತಾನದ ಗಿಡಕ್ಕೆ ಅಂಟಿಸಿದ ಹಾಗಾಯಿತು.

ಕೋರ್ಟಿನ ಜಗಳದಲ್ಲಿ ಶುಲ್ಟ್ಸ್ ಪಕ್ಷ ಗೆಲ್ಲಲಿಲ್ಲ. ಶಾಸನಸಭೆಯ ಉದ್ದೇಶ ಎಲ್ಲ ಬಗೆಯ ಗಾಂಜಾವನ್ನೂ ತಡೆಯುವುದೇ ಆಗಿತ್ತು ಎಂದು ಮೇಲಿನ ನ್ಯಾಯಾಲಯಗಳು ಹೇಳಿದವು. ಆದರೆ ಕೋರ್ಟಿನಲ್ಲಿ ಸೋತ ಮಾತು ಹೊಲದಲ್ಲಿ ಗೆದ್ದಿತು. ಕಾಬೂಲ್, ಕಂದಹಾರ ದಾಟಿ ಭಾರತಕ್ಕೆ ಬರುತ್ತಿದ್ದ ಹಿಪ್ಪಿಗಳು ಹಿಂತಿರುಗುವಾಗ ಆ ಗಿಡದ ಬೀಜ ಒಯ್ದಿದ್ದರು. ಚಳಿ ಬೇಗ ಬೀಳುವ ನಾಡಿನ ಗಿಡವಾದ್ದರಿಂದ ಅದು ಏಳೆಂಟು ವಾರಗಳಲ್ಲೇ ಹೂ ಬಲಿಸಿಕೊಳ್ಳುತ್ತಿತ್ತು. ಕೇರಳದ ಗಿಡಕ್ಕೆ ಹನ್ನೆರಡು ವಾರವೂ ಸಾಲದು. ಕದ್ದುಮುಚ್ಚಿ ದೀಪದ ಬೆಳಕಿನಲ್ಲಿ ಬೆಳೆಯುವವನಿಗೆ ಕುಳ್ಳಗಿದ್ದು ಬೇಗ ಕೊಯ್ಲಿಗೆ ಬರುವ ಗಿಡಕ್ಕಿಂತ ಬೇರೆ ಏನು ಬೇಕು? ಅಫ್ಘನ್ ರೈತರು ಒಣಗಿಸಿದ ಗಿಡವನ್ನು ಜರಡಿ ಹಿಡಿದು ಚರಸ್ ತೆಗೆಯುತ್ತಿದ್ದವರು. ಹೆಚ್ಚು ರಾಳ ಉದುರಿಸುವ ಗಿಡದ ಬೀಜವನ್ನೇ ತಲೆತಲಾಂತರದಿಂದ ಆರಿಸಿ ಉಳಿಸಿಕೊಂಡಿದ್ದರು. ಆ ದುಡಿಮೆಯ ಫಲ ಹಾಲೆಂಡಿನ ಬೀಜದಂಗಡಿ ಸೇರಿತು. 1980ರ ದಶಕದಲ್ಲಿ ಅಲ್ಲಿಂದ ಜಗತ್ತಿಗೆ ಹಬ್ಬಿದ ‘ನಾರ್ದರ್ನ್ ಲೈಟ್ಸ್’ ಇಂಥ ಅಫ್ಘನ್ ಮೂಲದ ತಳಿ. ಇಂಡಿಕಾ ಎಂದರೆ ಇಂದಿಗೂ ಅದನ್ನೇ ಮಾದರಿಯಾಗಿ ಹೇಳುತ್ತಾರೆ.

ಸೇದಿದವರು ಹೇಳುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ: ಕೈಕಾಲು ಭಾರ, ಬಿಗಿದ ಸ್ನಾಯು ಸಡಿಲ, ಹಸಿವು, ಒಣಗಿದ ಬಾಯಿ, ಕೆಂಪು ಕಣ್ಣು, ಕೊನೆಗೆ ನಿದ್ದೆ. ಪ್ರಮಾಣ ಮೀರಿದರೆ ಇದೇ ಗಿಡ ಎದೆಬಡಿತ ಹೆಚ್ಚಿಸಿ ಗಾಬರಿ ಹುಟ್ಟಿಸುತ್ತದೆ. ತೀವ್ರವಾದದ್ದನ್ನು ನಿತ್ಯ ಸೇದುವವರಲ್ಲಿ ಮನೋವಿಕಾರದ ಅಪಾಯವೂ ಹೆಚ್ಚು. ಮುಖ್ಯ ಕೆಲಸಗಾರ ಟಿಎಚ್‌ಸಿ, 1964ರಲ್ಲಿ ಇಸ್ರೇಲಿನ ಮೆಕೂಲಮ್ ಮತ್ತು ಗಾವೊನಿ ಬೇರ್ಪಡಿಸಿ ರಚನೆ ತಿಳಿಸಿದ ರಾಸಾಯನಿಕ. ಅದು ಎಲೆ ಅಗಲವಿದೆಯೋ ಸಪೂರವಿದೆಯೋ ನೋಡಿ ಕೆಲಸ ಮಾಡುವುದಿಲ್ಲ. ಹಳೆಯ ಅಫ್ಘನ್ ಗಿಡಗಳಲ್ಲಿ ಟಿಎಚ್‌ಸಿಯ ಜೊತೆಗೆ ಅಮಲು ತಾರದ ಸಿಬಿಡಿಯೂ ಸಾಕಷ್ಟಿತ್ತು. ತೀವ್ರತೆಯೊಂದನ್ನೇ ಬೆನ್ನು ಹತ್ತಿದ ಬೆರಕೆಗಾರರು ಅದನ್ನು ಬಹುಪಾಲು ಕಳೆದರು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದ ಸರಾಸರಿ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇದ್ದದ್ದು 2014ಕ್ಕೆ ಸುಮಾರು ಶೇ 12ಕ್ಕೆ ಏರಿತ್ತು.

ಈಗಿನ ಡಬ್ಬಿಯಲ್ಲಿ ಆ ಅಫ್ಘನ್ ಗಿಡವಾದರೂ ಇದೆಯೇ? 2015ರಲ್ಲಿ ಕೆನಡಾದ ಸಂಶೋಧಕರು 81 ಗಾಂಜಾ ಮಾದರಿಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಸಟೈವಾ ಎಂದು ಹೆಸರಾದ ಜಮೈಕಾದ ಒಂದು ತಳಿ ಅಫ್ಘಾನಿಸ್ತಾನದ ಇಂಡಿಕಾಕ್ಕೆ ಹೆಚ್ಚುಕಡಿಮೆ ತದ್ರೂಪವಾಗಿತ್ತು. 2021ರ ಇನ್ನೊಂದು ಅಧ್ಯಯನದಲ್ಲಿ ಇಂಡಿಕಾ ಎಂಬ ಚೀಟಿ ಹೊಂದಿಕೆಯಾದದ್ದು ವಂಶಕ್ಕಲ್ಲ, ಮರ್ಸೀನ್‌ನಂಥ ಕೆಲವು ಸುಗಂಧ ತೈಲಗಳಿಗೆ. ಮಾವಿನ ಹಣ್ಣಿನಲ್ಲೂ ಇರುವ ತೈಲ ಅದು. ಮಣ್ಣಿನ ಘಮ ಬಂದರೆ ಇಂಡಿಕಾ ಎಂದು ಮೂಗೇ ನಿರ್ಧರಿಸುತ್ತಿದೆ ಎಂದಾಯಿತು.

ಹೆಸರಿನ ಲೆಕ್ಕ ಸರಿಪಡಿಸುವ ಪ್ರಯತ್ನವೂ ನಡೆದಿದೆ. 2020ರಲ್ಲಿ ಸಂಶೋಧಕರಾದ ಮೆಕ್‌ಪಾರ್ಟ್‌ಲ್ಯಾಂಡ್ ಮತ್ತು ಅರ್ನೆಸ್ಟ್ ಸ್ಮಾಲ್, ದಕ್ಷಿಣ ಏಷ್ಯಾದ ಸಪೂರ ಎಲೆಯ ಗಿಡಕ್ಕೇ ಇಂಡಿಕಾ ಎಂಬ ಹೆಸರನ್ನು ಮರಳಿಸಿ, ಅಗಲ ಎಲೆಯದ್ದನ್ನು ಅಫ್ಘಾನಿಕಾ ಎಂದು ಕರೆದರು. ಹೊರಗಿನ ಮಿಶ್ರತಳಿಗಳ ಪರಾಗ ತಗುಲಿ ಈ ಎರಡೂ ನಾಟಿ ತಳಿಗಳು ಅಳಿವಿನಂಚಿಗೆ ಬಂದಿವೆ ಎಂದೂ ಎಚ್ಚರಿಸಿದರು. ಆ ಸ್ಮಾಲ್ ಬೇರೆ ಯಾರೂ ಅಲ್ಲ, 1970ರ ದಶಕದ ಜಗಳದಲ್ಲಿ ಶುಲ್ಟ್ಸ್‌ಗೆ ಎದುರಾಗಿ ಒಂದೇ ಪ್ರಭೇದ ಎಂದು ಪಟ್ಟು ಹಿಡಿದ ಕೆನಡಾದ ಸಸ್ಯವಿಜ್ಞಾನಿ. 1976ರಲ್ಲಿ ಕ್ರಾಂಕ್ವಿಸ್ಟ್ ಜೊತೆ ಬರೆದ ಪ್ರಬಂಧದಲ್ಲಿ, ನಾರಿನ ಗಿಡ ಮತ್ತು ಅಮಲಿನ ಗಿಡಗಳ ನಡುವೆ ಶೇ 0.3 ಟಿಎಚ್‌ಸಿಯ ಗೆರೆ ಎಳೆದವರು. ಆ ಅಂಕಿ ವರ್ಗೀಕರಣದ ಅನುಕೂಲಕ್ಕಾಗಿ ತಾವೇ ಆರಿಸಿಕೊಂಡದ್ದು ಎಂದು ಅಲ್ಲೇ ಬರೆದಿದ್ದರು. ಅದೇ ಗೆರೆ ಮುಂದೆ ಅಮೆರಿಕದ ಕಾನೂನಾಯಿತು. 2018ರಲ್ಲಿ ನಾರಿಗಾಗಿ ಬೆಳೆಯಲು ಪರವಾನಗಿ ಕೊಡತೊಡಗಿದ ಉತ್ತರಾಖಂಡದಲ್ಲೂ ಜಾರಿಗೆ ಬಂತು. ಅಲ್ಲಿನ ಬೆಟ್ಟದ ರೈತರು ಅಜ್ಜನ ಕಾಲದಿಂದ ನಾರು, ಬೀಜಕ್ಕೆಂದು ಬಿತ್ತುತ್ತ ಬಂದ ನಾಟಿ ಗಿಡ ಎಷ್ಟೋ ಕಡೆ ಆ ಗೆರೆ ದಾಟುತ್ತದೆ. ಪರವಾನಗಿ ಬೇಕೆಂದರೆ ಅದನ್ನು ಬಿಟ್ಟು ಬೇರೆ ಬೀಜ ಹುಡುಕಬೇಕು.